ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ

ಕನ್ನಡದ ಯಾವ ವ್ಯಾಕರಣ ಪುಸ್ತಕದಲ್ಲೂ ಅಚ್ಚಾಗದ ಒಂದು ಸೂತ್ರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಜಾರಿಯಲ್ಲಿದೆ. ‘ಅಮ್ಮ ಬಂದಳು, ಅಪ್ಪ ಬಂದರು.’ ಬಂದವರು ಇಬ್ಬರೂ ಒಂದೇ ಮದುವೆಮನೆಯಿಂದ, ಒಂದೇ ಬಸ್ಸಿನಲ್ಲಿ, ಒಂದೇ ಚೀಲದ ಎರಡು ಹಿಡಿಗಳನ್ನು ಹಿಡಿದುಕೊಂಡು ಬಂದಿರುತ್ತಾರೆ. ಆದರೂ ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ. “ಅಮ್ಮಾ, ನೀನು ಸುಮ್ನಿರು” ಎಂದು ದಿನಕ್ಕೆ ಹತ್ತು ಸಲ ಹೇಳುವ ನಾಲಗೆಯೇ ಅಪ್ಪನ ಮುಂದೆ “ನೀವು...” ಎಂದು ಶುರುಮಾಡಿ, ಮುಂದಿನ ಮಾತು ಸಿಗದೆ, “ಏನಿಲ್ಲ” ಎಂದು ಮುಗಿಸಿಬಿಡುತ್ತದೆ.

ಎಲ್ಲ ಸೀಮೆಗಳಲ್ಲೂ ಹೀಗೆಯೇ ಎಂದೇನಲ್ಲ. ಅಪ್ಪನನ್ನೂ ‘ನೀನು’ ಎಂದೇ ಮಾತನಾಡಿಸುವ ಮನೆಗಳು ಬೇಕಾದಷ್ಟಿವೆ. ಕೆಲವು ಮನೆಗಳಲ್ಲಿ ಅಪ್ಪ ‘ಅಣ್ಣ’ನಾಗಿರುತ್ತಾನೆ. ಕುವೆಂಪು ಅವರನ್ನು ಮಕ್ಕಳು ಕರೆಯುತ್ತಿದ್ದುದು ಹಾಗೆಯೇ. ಆದ್ದರಿಂದಲೇ ಪೂರ್ಣಚಂದ್ರ ತೇಜಸ್ವಿ ತಂದೆಯ ಬಗ್ಗೆ ಬರೆದ ಪುಸ್ತಕದ ಹೆಸರು ‘ಅಣ್ಣನ ನೆನಪು’. ಗೊತ್ತಿಲ್ಲದವರು ಹೆಸರು ನೋಡಿ, ತೇಜಸ್ವಿಗೊಬ್ಬ ಹಿರಿಯ ಸೋದರನಿದ್ದನೆಂದು ತಿಳಿದರೆ ತಪ್ಪಿಲ್ಲ. ಇನ್ನು ತುಳುನಾಡಿಗೆ ಹೋದರಂತೂ ಬಯಲುಸೀಮೆಯವರ ತಲೆ ತಿರುಗುತ್ತದೆ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ಆ ಕಡೆಗೆ ಹೊಸದಾಗಿ ವರ್ಗವಾಗಿ ಹೋದ ಮೇಷ್ಟರಿಗೆ ಇದು ತಿಳಿಯುವವರೆಗೆ, ಮಕ್ಕಳ ಮಾತು ಕೇಳಿ, ಆ ಊರಿನಲ್ಲಿ ಮೀಸೆ ಬೋಳಿಸಿಕೊಳ್ಳುವುದು ಅಮ್ಮ, ಜಡೆ ಹೆಣೆದುಕೊಳ್ಳುವುದು ಅಪ್ಪ ಎಂದೇ ತೋರಬೇಕು.

ಬಹುವಚನದಲ್ಲಿ ತಪ್ಪೇನೂ ಇಲ್ಲ. ಹಿರಿಯರಿಗೆ ಗೌರವ ಕೊಡುವುದು ಒಳ್ಳೆಯ ಪದ್ಧತಿಯೇ. ತೊಡಕು ಎಲ್ಲಿ ಎಂದರೆ, ಗೌರವದ ಹಿಂದೆಯೇ ಒಂದು ಮಾರು ದೂರವೂ ಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ. ಉಳಿದ ದಿನಗಳಲ್ಲಿ ಆ ದೂರ ತಮಾಷೆಯ ವಸ್ತು. ಅಂಕಪಟ್ಟಿ ಮನೆಗೆ ಬಂದ ದಿನ ಮಾತ್ರ ಅದು ತಮಾಷೆಯಲ್ಲ.

ಸ್ವಿಚ್ಚು, ಬಸ್ಸು ಮತ್ತು ಹಾರ್ಲಿಕ್ಸ್ ಬಾಟಲಿ

ಒಂದು ಮನೆಯನ್ನು ನೋಡೋಣ. ಊರು ತುಮಕೂರು ಎಂದಿಟ್ಟುಕೊಳ್ಳಿ, ಚಿತ್ರದುರ್ಗವಾದರೂ ನಡೆದೀತು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ಅಮ್ಮ ಮನೆಯನ್ನೂ ಹೊಲಿಗೆ ಯಂತ್ರವನ್ನೂ ಒಟ್ಟಿಗೆ ನಡೆಸುತ್ತಾಳೆ. ಮಗ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಗಳು ಹತ್ತನೆಯ ತರಗತಿ.

ಈ ಅಪ್ಪನಿಗೆ ಒಂದು ವ್ರತವಿದೆ. ಮನೆಯಲ್ಲಿ ಎಲ್ಲಿ ದೀಪ ಉರಿದರೂ ಆರಿಸುವುದು. ಒಬ್ಬರು ಕೋಣೆಯಿಂದ ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಕೋಣೆ ಕತ್ತಲಾಗಿರುತ್ತದೆ. “ಕರೆಂಟ್ ಬಿಲ್ ಯಾರು ಕಟ್ತಾರೆ, ನಿಮ್ಮ ತಾತಾನಾ?” ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, ಆ ಮನೆಯ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ ಕಂಡಾಗ ಮಕ್ಕಳು ಹಿಗ್ಗಿದ್ದೇ ಹಿಗ್ಗಿದ್ದು. ಇನ್ನಾದರೂ ಅಪ್ಪ ಸುಮ್ಮನಾಗುತ್ತಾರೆ! ಅಪ್ಪ ಸುಮ್ಮನಾಗಲಿಲ್ಲ. “ಸರಾಸರಿ ದಾಟಿದ್ರೆ ದುಡ್ಡು ಕಟ್ಟಬೇಕು, ಗೊತ್ತಾ?” ಎಂದು ಹೊಸ ಅಸ್ತ್ರ ಹಿಡಿದರು. ಬಿಲ್ಲು ಒಂದು ನೆಪ. ಸ್ವಿಚ್ಚು ಆರಿಸದೆ ಅವರಿಗೆ ನಿದ್ದೆ ಬಾರದು. ರಾತ್ರಿ ಮಲಗುವ ಮುನ್ನ ಗ್ಯಾಸಿನ ತಿರುಪು, ಮುಂಬಾಗಿಲ ಚಿಲಕ, ಹಿತ್ತಲ ಬಾಗಿಲ ಅಗಳಿ, ಕೊನೆಗೆ ಸ್ವಿಚ್ಚುಗಳು. ಇಷ್ಟೂ ಒಂದು ಪ್ರದಕ್ಷಿಣೆ ಮುಗಿದ ಮೇಲೆ, ಅನುಮಾನ ಬಂದು, ಇನ್ನೊಂದು ಪ್ರದಕ್ಷಿಣೆ.

ಎರಡನೆಯದು ಬಸ್ಸು. ಹತ್ತು ಗಂಟೆಯ ಬಸ್ಸಿಗೆ ಎಂಟೂವರೆಗೇ ನಿಲ್ದಾಣದಲ್ಲಿರಬೇಕು. ಸೀಟು ಕಾದಿರಿಸಿ ತಿಂಗಳಾಗಿದ್ದರೂ ಸರಿಯೆ. ಬಸ್ಸು ಬರುವ ಹೊತ್ತಿಗೆ ಎಲ್ಲರಿಗೂ ಹಸಿವು, ಎಲ್ಲರಿಗೂ ಸಿಟ್ಟು. ಅಪ್ಪನೊಬ್ಬರು ಮಾತ್ರ ಯುದ್ಧ ಗೆದ್ದವರಂತೆ, “ನೋಡಿದ್ರಾ, ಓಡಿಬರೋದು ತಪ್ಪಿತು” ಎನ್ನುತ್ತಾರೆ.

ಮೂರನೆಯದು ಹಳೆಯ ಹಾರ್ಲಿಕ್ಸ್ ಬಾಟಲಿ. ಅದರಲ್ಲಿ ಮೊಳೆ, ತಿರುಪು, ವಾಷರು, ಯಾವ ಬೀಗಕ್ಕೂ ಹೊಂದದ ಕೀಲಿಕೈ, ಎಂದೋ ಕೆಟ್ಟುಹೋದ ರೇಡಿಯೋದ ಗುಬಟು. “ಇರಲಿ, ಬೇಕಾಗತ್ತೆ” ಎಂಬುದು ಅದರ ಮೇಲಿನ ಶಾಸನ. ಮಿಕ್ಸಿ ಕೆಟ್ಟರೆ ಅಂಗಡಿಗೆ ಹೋಗುವಂತಿಲ್ಲ. ಭಾನುವಾರ ಬೆಳಿಗ್ಗೆ ಹಳೆಯ ಪತ್ರಿಕೆ ಹಾಸಿ, ಮಿಕ್ಸಿಯನ್ನು ಅಂಗಾಂಗವಾಗಿ ಬಿಚ್ಚಿ, ಸಂಜೆಗೆ ಮತ್ತೆ ಜೋಡಿಸಲಾಗುತ್ತದೆ. ಪ್ರತಿ ಸಲವೂ ಒಂದು ತಿರುಪು ಮಿಗುತ್ತದೆ. ಅದು ಬಾಟಲಿಗೆ ಸೇರುತ್ತದೆ.

ನಾಲ್ಕನೆಯದು ‘ನಮ್ಮ ಕಾಲದಲ್ಲಿ’. ಆ ಕಾಲದಲ್ಲಿ ಶಾಲೆ ಮನೆಯಿಂದ ಮೂರು ಮೈಲಿ ಇತ್ತು. ಮಗಳು ಐದನೆಯ ತರಗತಿಗೆ ಬಂದಾಗ ಅದು ನಾಲ್ಕು ಮೈಲಿಯಾಯಿತು. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಆರು ಮೈಲಿ, ನಡುವೆ ಒಂದು ಹಳ್ಳ, ಹಳ್ಳದಲ್ಲಿ ಸೊಂಟದವರೆಗೆ ನೀರು. ಊರು ಅಲ್ಲೇ ಇದೆ, ಶಾಲೆಯೂ ಅಲ್ಲೇ ಇದೆ. ದೂರ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಆ ಕಾಲದಲ್ಲಿ ಅಪ್ಪ ಎಂದೂ ನಪಾಸಾಗಲಿಲ್ಲ, ಎಂದೂ ಶಾಲೆ ತಪ್ಪಿಸಲಿಲ್ಲ, ಎಂದೂ ಎದುರು ಮಾತಾಡಲಿಲ್ಲ. ಹಳ್ಳಿಯಿಂದ ಅಜ್ಜಿ ಬಂದು ನಾಲ್ಕು ದಿನ ಉಳಿದುಹೋದ ಮೇಲಷ್ಟೆ ಈ ಇತಿಹಾಸಕ್ಕೆ ಕೆಲವು ತಿದ್ದುಪಡಿಗಳು ದೊರೆಯುತ್ತವೆ.

ನಲವತ್ತು ಸೆಕೆಂಡಿನ ಮಾತು

ಬೆಂಗಳೂರಿನ ಮಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಅಮ್ಮ ಸಿಕ್ಕರೆ ಅರ್ಧ ಗಂಟೆ. ಅಪ್ಪ ಸಿಕ್ಕರೆ ನಲವತ್ತು ಸೆಕೆಂಡು.

“ಹಲೋ.”

“ಹೂಂ. ಊಟ ಆಯ್ತಾ?”

“ಆಯ್ತು.”

“ದುಡ್ಡಿದೆಯಾ?”

“ಇದೆ.”

“ಸರಿ. ತಗೋ, ಅಮ್ಮನಿಗೆ ಕೊಡ್ತೀನಿ.”

ಫೋನು ಅಮ್ಮನ ಕೈಗೆ ಹೋದ ಮೇಲೆ ಅಪ್ಪ ಅಲ್ಲಿಂದ ಎದ್ದು ಹೋಗುತ್ತಾರೆಯೇ ಎಂದರೆ, ಇಲ್ಲ. ಪತ್ರಿಕೆ ಹಿಡಿದು ಪಕ್ಕದಲ್ಲೇ ಕುಳಿತಿರುತ್ತಾರೆ. ಅರ್ಧ ಗಂಟೆಯೂ ಒಂದೇ ಪುಟ. ನಡುವೆ ಅಮ್ಮನಿಗೆ ಸೂಚನೆಗಳು ಹೋಗುತ್ತಿರುತ್ತವೆ. “ಕೆಮ್ಮು ಹೋಯ್ತಾ ಕೇಳು.” “ಮಳೆಗಾಲ, ಛತ್ರಿ ಇದೆಯಾ ಕೇಳು.” ಕೇಳುವವರು ಅವರು, ಕೇಳಿಸುವವಳು ಅಮ್ಮ. ಹಿಂದೆ ದೂರದ ಊರಿನ ಕರೆಗಳು ಎಕ್ಸ್‌ಚೇಂಜಿನ ಮೂಲಕವೇ ಹೋಗಬೇಕಾಗಿತ್ತಲ್ಲ, ಹಾಗೆ ಎಷ್ಟೋ ಮನೆಗಳಲ್ಲಿ ಅಪ್ಪ-ಮಕ್ಕಳ ನಡುವಿನ ಎಕ್ಸ್‌ಚೇಂಜು ಅಮ್ಮ. ಮಗ ಬಹುಮಾನ ತಂದರೆ “ನನ್ನ ಮಗ”, ಗಾಡಿ ಬೀಳಿಸಿಕೊಂಡು ಬಂದರೆ “ನಿನ್ನ ಮಗ” ಎಂಬ ವಿಳಾಸ ಬದಲಾವಣೆಯೂ ಅಲ್ಲಿಯೇ ನಡೆಯುತ್ತದೆ.

ಎದುರಿಗೆ ಬಾಯಿ ಬಾರದ ಅಪ್ಪಂದಿರು ಕಾಗದ ಹಿಡಿದರೆ ಬೇರೆಯೇ ಆಗುತ್ತಾರೆ. 1928ರ ಬೇಸಗೆಯಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯ ಬೆಟ್ಟದ ಮೇಲಿದ್ದಳು. ತಂದೆ ಜವಾಹರಲಾಲ್ ನೆಹರೂ ಕೆಳಗೆ ಅಲಹಾಬಾದಿನಲ್ಲಿದ್ದರು. ಮಗಳಿಗೆ ಪತ್ರ ಬರೆಯಬೇಕೆನ್ನಿಸಿತು. ಬರೆದರು. ಬೆಟ್ಟದ ಮೇಲೆ ಆಡಿಕೊಂಡಿರುವ ಹುಡುಗಿಗೆ ಯಾವ ವಿಷಯ? ಭೂಮಿ ಹೇಗೆ ಹುಟ್ಟಿತು, ಮೊದಲ ಪ್ರಾಣಿಗಳು ಯಾವುವು, ಮನುಷ್ಯ ಮಾತು ಕಲಿತದ್ದು ಹೇಗೆ! ಆ ಪತ್ರಗಳು ಮರುವರ್ಷ ಪುಸ್ತಕವಾಗಿ ಬಂದು, ಎಷ್ಟೋ ಭಾಷೆಗಳಿಗೆ ಹೋಗಿ, ಲಕ್ಷಾಂತರ ಮಕ್ಕಳು ಓದಿದರು. ಆದರೂ ರಜೆಯ ನಡುವೆ ಅಂಚೆಯಲ್ಲಿ ಭೂವಿಜ್ಞಾನ ಬರುವುದನ್ನು ನೆನೆದರೆ ನಗು ಬಾರದಿರದು. ‘ನೀನಿಲ್ಲದೆ ಮನೆ ಖಾಲಿ’ ಎಂಬ ಮಾತನ್ನು ಅಪ್ಪಂದಿರು ನೇರವಾಗಿ ಹೇಳುವುದು ಅಪರೂಪ. ಒಬ್ಬರು ಅದನ್ನು ಭೂಮಿಯ ಹುಟ್ಟಿನಲ್ಲಿ ಸುತ್ತಿ ಕಳಿಸುತ್ತಾರೆ. ಇನ್ನೊಬ್ಬರು “ಛತ್ರಿ ಇದೆಯಾ ಕೇಳು” ಎನ್ನುತ್ತಾರೆ. ಒಳಗಿರುವ ಸರಕು ಒಂದೇ.

ಪೊಟರೆಯ ಬಿರುಕು

ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಎಂಬ ಹಕ್ಕಿಯಿದೆ. ದೊಡ್ಡ ಕೊಕ್ಕು, ಹಾರಿದರೆ ರೆಕ್ಕೆಯ ಸದ್ದು ದೂರಕ್ಕೆ ಕೇಳಿಸುತ್ತದೆ. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿಕೊಂಡು ಬಾಗಿಲನ್ನು ಮುಚ್ಚಿಬಿಡುತ್ತದೆ. ಉಳಿಯುವುದು ಒಂದು ಸಣ್ಣ ಬಿರುಕು ಮಾತ್ರ. ಗಂಡು ದಿನವಿಡೀ ಕಾಡು ಸುತ್ತಿ ಆಲ, ಅತ್ತಿ ಮೊದಲಾದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಆ ಬಿರುಕಿನೊಳಗೆ ತೂರಿಸುತ್ತದೆ. ಒಳಗಿನ ಮರಿಗಳಿಗೆ ಮೊದಲ ವಾರಗಳಲ್ಲಿ ಅಪ್ಪ ಎಂದರೆ ಬಿರುಕಿನಲ್ಲಿ ಕಾಣುವ ಒಂದು ಕೊಕ್ಕು, ಕೊಕ್ಕಿನಲ್ಲಿ ಒಂದು ಹಣ್ಣು. ಅಷ್ಟೆ.

ಎಷ್ಟೋ ಮಕ್ಕಳಿಗೂ ಅಪ್ಪ ಕಂಡಿರುವುದು ಅಷ್ಟೆ. ಫೀಸು ಕಟ್ಟುವ ಕೈ, ಸಂಜೆ ಬಾಳೆಹಣ್ಣಿನ ಚೀಲ ಹಿಡಿದು ಬರುವ ಕೈ, ಅಂಕಪಟ್ಟಿಗೆ ಸಹಿ ಹಾಕುವ ಕೈ. ಆ ಕೈಗೆ ಅಂಟಿಕೊಂಡ ಮನುಷ್ಯನ ಪರಿಚಯವಾಗುವಷ್ಟರಲ್ಲಿ ಮಕ್ಕಳು ಬೆಳೆದು ಬೇರೆ ಊರು ಸೇರಿರುತ್ತಾರೆ. ಇದರಲ್ಲಿ ಅಪ್ಪಂದಿರ ತಪ್ಪೂ ಪೂರ್ತಿ ಇಲ್ಲ. ಅಪ್ಪನಾಗುವುದನ್ನು ಅವರಿಗೆ ಯಾರೂ ಕಲಿಸಿಲ್ಲ. 2017ರ ತಿದ್ದುಪಡಿಯ ನಂತರ ಕಾನೂನು ಉದ್ಯೋಗಸ್ಥ ತಾಯಿಗೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ನಿಯಮದಲ್ಲಿರುವ ಪಿತೃತ್ವ ರಜೆ 15 ದಿನ. ಹದಿನೈದು ದಿನದಲ್ಲಿ ಮಗುವಿನ ಲಂಗೋಟಿ ಕಟ್ಟುವುದನ್ನು ಕಲಿಯುವುದೇ ಕಷ್ಟ. ಮಗುವಿನ ಮನಸ್ಸು ಓದುವುದನ್ನು ಕಲಿಯುವುದೆಲ್ಲಿ? ಅಮೆರಿಕದಲ್ಲೂ ಅಪ್ಪನ ಸರದಿ ಹಿಂದೆಯೇ ಉಳಿದಿತ್ತು. ಅಮ್ಮಂದಿರ ದಿನಕ್ಕೆ ಅಲ್ಲಿನ ಅಧ್ಯಕ್ಷರ ಮುದ್ರೆ ಬಿದ್ದದ್ದು 1914ರಲ್ಲಿ. ಅಪ್ಪಂದಿರ ದಿನ ಕಾಯಂ ಆಗಿ ಕಾನೂನಿನ ಪುಸ್ತಕ ಸೇರಿದ್ದು 1972ರಲ್ಲಿ. ನಡುವೆ 58 ವರ್ಷ. ಅಪ್ಪಂದಿರು ಗೊಣಗಿದ ದಾಖಲೆ ಇಲ್ಲ. ಆ ದಿನವೂ ಯಾವುದೋ ಸ್ವಿಚ್ಚು ಆರಿಸುತ್ತಿದ್ದರೇನೋ!

ಗೊರಕೆ ಹೊಡೆದ ವಿಜ್ಞಾನಿ

ಕಲಿಸುವವರಿಲ್ಲದೆ ತಾನಾಗಿಯೇ ಕಲಿಯಲು ಹೊರಟ ಒಬ್ಬ ಅಪ್ಪನ ಕತೆ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಅವರ ಹೆಸರು ಜೀವಶಾಸ್ತ್ರದ ಪುಸ್ತಕದಲ್ಲಿದೆ. ಚಾರ್ಲ್ಸ್ ಡಾರ್ವಿನ್. 1839ರ ಡಿಸೆಂಬರ್ 27ರಂದು ಮೊದಲ ಮಗ ವಿಲಿಯಂ ಹುಟ್ಟಿದ. ಬೇರೆ ಅಪ್ಪಂದಿರು ಸಿಹಿ ಹಂಚಿಯಾರು. ಡಾರ್ವಿನ್ ನೋಟ್‌ಬುಕ್ ತೆಗೆದರು. ಏಳನೆಯ ದಿನ ಕಾಗದದ ಚೂರಿನಿಂದ ಮಗುವಿನ ಅಂಗಾಲು ಮುಟ್ಟಿ ನೋಡಿದರು. ಮಗು ಬೆರಳು ಮಡಚಿ ಕಾಲನ್ನು ಎಳೆದುಕೊಂಡಿತು. ಬರೆದುಕೊಂಡರು. ಮಗುವಿನ ಹತ್ತಿರ ಕುಳಿತು ಬಗೆಬಗೆಯ ವಿಚಿತ್ರ ಸದ್ದು ಮಾಡುವುದು ಅವರ ಅಭ್ಯಾಸ. ಮಗುವಿಗೆ ಅದೆಲ್ಲ ಬಹಳ ತಮಾಷೆ. ನಾಲ್ಕೂವರೆ ತಿಂಗಳಾದಾಗ ಒಂದು ದಿನ ಹೊಸ ಪ್ರಯೋಗವೆಂದು ಜೋರಾಗಿ ಗೊರಕೆಯ ಸದ್ದು ಮಾಡಿದರು. ಮಗು ಒಂದು ಕ್ಷಣ ಗಂಭೀರವಾಗಿ ನೋಡಿ, ಆಮೇಲೆ ಗೋಳೋ ಎಂದು ಅತ್ತುಬಿಟ್ಟಿತು. ಅದನ್ನೂ ಬರೆದುಕೊಂಡರು. ಈ ಟಿಪ್ಪಣಿಗಳು 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಲೇಖನವಾಗಿ ಬಂದವು. ಮಗುವಿನ ಬೆಳವಣಿಗೆಯನ್ನು ಶಾಸ್ತ್ರೀಯವಾಗಿ ಗಮನಿಸಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು.

ಡಾರ್ವಿನ್ ದಂಪತಿಗಳಿಗೆ ಹತ್ತು ಮಕ್ಕಳು. ಮೂವರು ಎಳವೆಯಲ್ಲೇ ತೀರಿಕೊಂಡರು. ಉಳಿದವರಿಗೆ ಅಪ್ಪನ ಓದಿನ ಕೋಣೆ ನಿಷಿದ್ಧ ಸ್ಥಳವಾಗಿರಲಿಲ್ಲ. ಕತ್ತರಿ ಬೇಕು, ದಾರ ಬೇಕು, ಅಳತೆಪಟ್ಟಿ ಬೇಕು ಎಂದು ನುಗ್ಗುತ್ತಿದ್ದರು. ಅಪ್ಪ ತಾಳ್ಮೆಯಿಂದಲೇ ಇರುತ್ತಿದ್ದರು ಎಂದು ಮಗ ಫ್ರಾನ್ಸಿಸ್ ಮುಂದೆ ಬರೆದಿದ್ದಾನೆ. ಎಂಟು ವರ್ಷ ಅವರು ಸಮುದ್ರದ ಬಂಡೆಗಳಿಗೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತರು. ಅದನ್ನೇ ನೋಡಿ ಬೆಳೆದ ಮಗುವೊಂದು ನೆರೆಯ ಗೃಹಸ್ಥರ ಬಗ್ಗೆ, ಅವರು ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ ಎಂದು ಕೇಳಿತೆಂಬ ಕತೆ ಪ್ರಸಿದ್ಧವಾಗಿದೆ. ಲೋಕದ ಎಲ್ಲ ಅಪ್ಪಂದಿರ ಕಸುಬೂ ಅದೇ ಎಂದು ಅದು ನಂಬಿತ್ತು! ‘ಜೀವಿಗಳ ಉಗಮ’ದಂಥ ಗ್ರಂಥದ ಹಸ್ತಪ್ರತಿಯ ಹಾಳೆಗಳ ಬೆನ್ನಿಗೆ ಆ ಮಕ್ಕಳು ಚಿತ್ರ ಬರೆದರು. ಹಸ್ತಪ್ರತಿಯ ಬಹುಪಾಲು ಕಳೆದುಹೋಗಿದೆ. ಉಳಿದಿರುವ ಹಾಳೆಗಳಲ್ಲಿ ಕೆಲವು ಉಳಿದದ್ದು ಮಕ್ಕಳ ಚಿತ್ರದ ದೆಸೆಯಿಂದ. ಅಪ್ಪ ಗದರಿ ಕಳಿಸಿದ್ದರೆ ಆ ಹಾಳೆಗಳೂ ಇರುತ್ತಿರಲಿಲ್ಲವೇನೋ.

ಬಟ್ಟಲಿಗೆ ಬಿದ್ದ ಮುತ್ತು

ಅಪ್ಪಂದಿರ ಇನ್ನೊಂದು ಚಾಳಿ, ಮಕ್ಕಳ ಭವಿಷ್ಯದ ಲೆಕ್ಕ ಹಾಕುವುದು. ಈ ಲೆಕ್ಕದಲ್ಲಿ ಭಾಸ್ಕರಾಚಾರ್ಯರನ್ನು ಮೀರಿಸಿದವರಿಲ್ಲ. 1150ರಲ್ಲಿ ಅವರು ಬರೆದ ಗಣಿತ ಗ್ರಂಥ ‘ಲೀಲಾವತಿ’. ಆ ಹೆಸರಿನ ಹಿಂದೆ ಒಂದು ದಂತಕತೆಯಿದೆ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಆ ಗ್ರಂಥವನ್ನು ಪಾರಸಿಗೆ ತಂದಾಗ ಕತೆಯನ್ನೂ ಹೇಳಿದ್ದಾನೆ. ಇತಿಹಾಸವೆಂದಲ್ಲ, ಕತೆಯೆಂದೇ ಕೇಳಬೇಕು.

ಮಗಳು ಲೀಲಾವತಿಯ ಜಾತಕ ನೋಡಿದ ತಂದೆಗೆ, ಒಂದು ನಿರ್ದಿಷ್ಟ ಮುಹೂರ್ತದಲ್ಲಿ ನಡೆದರೆ ಮಾತ್ರ ಮದುವೆ ಶುಭವೆಂದು ತಿಳಿಯಿತು. ಮುಹೂರ್ತ ತಪ್ಪದಂತೆ ಜಲಗಡಿಯಾರ ಹೂಡಿದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ನೀರು ತುಂಬಿ ಅದು ಮುಳುಗಿದಾಗ ಮುಹೂರ್ತ. ಮದುವಣಗಿತ್ತಿ ಕುತೂಹಲ ತಾಳಲಾರದೆ ಬಗ್ಗಿ ನೋಡಿದಳು. ಉಡುಪಿನ ಒಂದು ಮುತ್ತು ಕಳಚಿ ಬಟ್ಟಲೊಳಗೆ ಬಿತ್ತು. ತೂತು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ದಾಟಿಹೋಯಿತು.

ಗ್ರಹಗಳ ಚಲನೆಯನ್ನೆಲ್ಲ ಲೆಕ್ಕ ಹಾಕಿದ ತಂದೆ, ಮಗಳ ಕುತೂಹಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಕ್ಕಳಿಗೆ ಏಳನೆಯ ತರಗತಿಯಲ್ಲೇ ಸ್ಟೆತಸ್ಕೋಪ್ ತೂಗಿಹಾಕಿ ನೋಡುವ ಎಲ್ಲ ಅಪ್ಪಂದಿರಿಗೂ ಈ ಮಾತು ಸಲ್ಲುತ್ತದೆ. ಕತೆಯ ಸ್ವಾರಸ್ಯ ಮುಂದಿದೆ. ಲೆಕ್ಕ ತಪ್ಪಿದ ಮೇಲೆ ತಂದೆ ಮಗಳನ್ನು ಬಯ್ದರೆಂದು ಕತೆ ಹೇಳುವುದಿಲ್ಲ. ಅವಳ ಹೆಸರಿನಲ್ಲಿ ಒಂದು ಪುಸ್ತಕ ಬರೆದರು. ಕೊನೆಯ ಕಾಲದವರೆಗೆ ನಿನ್ನ ಹೆಸರು ಉಳಿಯಲಿ ಎಂದರು. ಮಕ್ಕಳ ಮುಹೂರ್ತ ತಪ್ಪಿದ ದಿನ ಅಪ್ಪ ಏನು ಮಾಡಿದರು ಎಂಬುದೇ ಮುಂದೆ ಉಳಿಯುವ ಕತೆ.

ಅಂತಹ ದಿನ ಪ್ರತಿ ವರ್ಷವೂ ಬರುತ್ತದೆ. ಮೊದಲು ಫಲಿತಾಂಶ ನೋಡಲು ಶಾಲೆಯ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಈಗ ಅಂಗೈಯ ಮೊಬೈಲಿನಲ್ಲೇ ಬರುತ್ತದೆ. ಕೆಲವು ಮಕ್ಕಳಿಗೆ ನಪಾಸಾದ ವಿಷಯಕ್ಕಿಂತ ‘ಅಪ್ಪನಿಗೆ ಹೇಗೆ ಹೇಳಲಿ’ ಎಂಬುದೇ ದೊಡ್ಡ ಪರೀಕ್ಷೆ. ಹೇಳಲಾರದೆ ಮನೆ ಬಿಟ್ಟವರಿದ್ದಾರೆ. ಅದಕ್ಕಿಂತ ಕೆಟ್ಟ ಸುದ್ದಿಗಳನ್ನೂ ಪತ್ರಿಕೆಗಳು ಅಚ್ಚು ಹಾಕಬೇಕಾಗಿ ಬಂದಿದೆ. ಪರೀಕ್ಷೆಗೆ ಮತ್ತೆ ಮತ್ತೆ ಅವಕಾಶವಿದೆ. 2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ, ಬಿದ್ದವರು ಅದೇ ವರ್ಷ ಏಳಬಹುದೆಂದು ತೋರಿಸಿತು. ಮಂಡಳಿಗೇ ಅಷ್ಟು ಸಹನೆಯಿರುವಾಗ ಮನೆಗೆ ಇರಬೇಡವೆ?

ನಗಬಹುದಾದ ಅಪ್ಪನಿಗೆ ಹೇಳಿಕೊಳ್ಳಬಹುದು. ಮಗಳು ಗೇಲಿ ಮಾಡಿದಾಗ ಮುಖ ಗಂಟಿಕ್ಕದ ಅಪ್ಪನ ಮುಂದೆ, ಅವಳು ಅಳಲೂ ಬಲ್ಲಳು. ಆದ್ದರಿಂದ ‘ನಮ್ಮ ಕಾಲದಲ್ಲಿ’ ಎಂಬ ಇತಿಹಾಸದಿಂದ ಹರಿದು ತೆಗೆದ ಪುಟಗಳನ್ನು ಅಪ್ಪಂದಿರು ಮತ್ತೆ ಸೇರಿಸಬೇಕು. ತಾವು ಬಿದ್ದದ್ದು, ಹೆದರಿದ್ದು, ಅಜ್ಜನಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದದ್ದು, ಎಲ್ಲವನ್ನೂ. ದಿನಕ್ಕೊಂದಾದರೂ ಅಂಕಕ್ಕೆ ಸಂಬಂಧಿಸದ ಪ್ರಶ್ನೆ ಕೇಳಬೇಕು. ಮಕ್ಕಳೂ ಅಷ್ಟೆ. “ಛತ್ರಿ ಇದೆಯಾ” ಎಂಬ ಮಾತನ್ನು ಬಿಡಿಸಿ ಓದುವುದನ್ನು ಕಲಿಯಬೇಕು. ಕೆಟ್ಟ ಸುದ್ದಿಯನ್ನು ಅಪ್ಪ ಬೇರೆಯವರಿಂದ ಕೇಳುವ ಮುನ್ನ ತಾವೇ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು. ಮನೆಯಲ್ಲಿ ಹೇಳಲು ಸಾಧ್ಯವೇ ಇಲ್ಲ ಎನ್ನಿಸಿದರೆ ಮೇಷ್ಟರಿದ್ದಾರೆ, ಸೋದರಮಾವ ಇದ್ದಾನೆ, ಅತ್ತೆಯಿದ್ದಾಳೆ. 2022ರಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ 14416 ಇದೆ. ಹಗಲು ರಾತ್ರಿಯೆನ್ನದೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಮಿಕ್ಕ ತಿರುಪು

ಮತ್ತೆ ಆ ತುಮಕೂರಿನ ಮನೆಗೆ ಬರೋಣ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಮಗಳಿಗೆ 80ಕ್ಕೆ 19 ಬಂದಿದೆ. ಪೋಷಕರ ಸಹಿ ಬೇಕು. ಅಂಕಪಟ್ಟಿ ಮೂರು ದಿನದಿಂದ ಅಟ್ಲಾಸಿನೊಳಗೆ, ಆಫ್ರಿಕಾ ಖಂಡದ ಪುಟದಲ್ಲಿ ಮಲಗಿದೆ. ಅಮ್ಮನಿಗೆ ಮೊದಲ ದಿನವೇ ಗೊತ್ತಾಗಿದೆ. ಆದರೆ ಈ ಸಲ ಎಕ್ಸ್‌ಚೇಂಜು ಕೆಲಸ ಮಾಡಲೊಪ್ಪಲಿಲ್ಲ. “ನಾನು ಹೇಳಲ್ಲ ಪುಟ್ಟಿ. ನೀನೇ ಹೇಳು.”

ಭಾನುವಾರ ಬಂತು. ಅಪ್ಪ ಮಿಕ್ಸಿ ಬಿಚ್ಚಿದರು. ಸಂಜೆ ಜೋಡಿಸಿದರು. ವಾಡಿಕೆಯಂತೆ ಒಂದು ತಿರುಪು ಮಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮಿಕ್ಸಿಯನ್ನೂ ತಿರುಪನ್ನೂ ಮಾರಿ ಮಾರಿ ನೋಡುತ್ತ ಕುಳಿತ ಅಪ್ಪನ ಮುಖ ಕಂಡು ಮಗಳಿಗೆ ನಗು ತಡೆಯಲಾಗಲಿಲ್ಲ.

“ಅಪ್ಪಾ, ಗಣಿತದಲ್ಲಿ ಇದಕ್ಕೆ ಶೇಷ ಅಂತಾರೆ.”

ಅಪ್ಪ ಕನ್ನಡಕದ ಮೇಲಿನಿಂದ ನೋಡಿದರು. ಗದರುತ್ತಾರೆ ಎಂದುಕೊಂಡಳು. ಅಪ್ಪ ನಕ್ಕುಬಿಟ್ಟರು, ಅಡುಗೆಮನೆಯಿಂದ ಅಮ್ಮ ಇಣುಕಿ ನೋಡುವಷ್ಟು ಜೋರಾಗಿ. ಆ ನಗು ಆರುವ ಮೊದಲೇ ಮಗಳು ಆಫ್ರಿಕಾದಿಂದ ಅಂಕಪಟ್ಟಿ ತಂದು ಮುಂದಿಟ್ಟಳು. “ನನ್ನ ಲೆಕ್ಕದಲ್ಲೂ ಜಾಸ್ತಿ ಶೇಷ ಉಳಿದಿದೆ, ಅಪ್ಪ. ನೀವು ಸಹಿ ಹಾಕ್ಬೇಕು.”

ಅಪ್ಪ ಓದಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಯಾವುದು ಬರಲ್ಲ?” ಎಂದರು.

“ತ್ರಿಕೋನಮಿತಿ.”

“ಹೂಂ. ನನಗೂ ಬರ್ತಿರಲಿಲ್ಲ.” ‘ನಮ್ಮ ಕಾಲದ’ ಇತಿಹಾಸದಲ್ಲಿ ಆ ಪುಟ ಅಂದೇ ಮೊದಲು ತೆರೆದದ್ದು. “ಎರಡು ಸಲ ಕಟ್ಟಿದೆ. ಎರಡನೇ ಸಲ ನಮ್ಮಪ್ಪನಿಗೆ ಹೇಳೋಕೆ ಹೆದರಿ ದನದ ಕೊಟ್ಟಿಗೇಲಿ ಮಲಗಿದ್ದೆ. ಪೆನ್ನು ಕೊಡು.”

ಅಂದು ರಾತ್ರಿ ಹನ್ನೊಂದಾದರೂ ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪನ ಪ್ರದಕ್ಷಿಣೆ ಹೊರಟಿತು. ಗ್ಯಾಸು, ಚಿಲಕ, ಅಗಳಿ. ಹಜಾರದ ಸ್ವಿಚ್ಚು ಆರಿತು, ಅಡುಗೆಮನೆಯದು ಆರಿತು. ಮಗಳ ಕೋಣೆಯ ಬಾಗಿಲಿಗೆ ಬಂದು ನಿಂತರು. ಅವಳು ಪುಸ್ತಕದಿಂದ ತಲೆಯೆತ್ತದೆ, ಗಮನ ಲೆಕ್ಕದಲ್ಲೇ ಇದ್ದು, “ಅಪ್ಪಾ, ನೀನು ಮಲ್ಕೋ” ಎಂದಳು.

ಏಕವಚನ! ಅವಳಿಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು. ಅವರು ತಿದ್ದಲಿಲ್ಲ. ಸ್ವಿಚ್ಚಿನವರೆಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ದೀಪವನ್ನು ಹಾಗೆಯೇ ಉರಿಯಲು ಬಿಟ್ಟು, ಗ್ಯಾಸಿನ ತಿರುಪು ಸರಿಯಾಗಿದೆಯೇ ಎಂದು ನೋಡಲು ಇನ್ನೊಂದು ಸಲ ಅಡುಗೆಮನೆಗೆ ಹೋದರು.